ಧರ್ಮಕಾಟಾದಾಗ ಓದಿದ್ದು

ಲೈಬ್ರರಿ ನಾಗಿಂದ್ರಪ್ಪ ಮೂರು ಕಾದಂಬರಿ ಕೊಟ್ಟ,
ಠಸ್ಸೆ ಹೊಡೀತಾ ಹೊಡೀತಾ ಅಂದ:
‘ಕಡೀದು ರಾತ್ರಿ ಒಬ್ಬಾಕಿ ಓದಬ್ಯಾಡ ಬೇ.’
ನನಗ ಇರೋದೇ ರಾತ್ರಿ.
ಶಹಾಬಾದ ರೋಡಿನ ಕಾಟಾದಾಗ
ಹತ್ತರಿಂದ ಆರರ ತನಕ
ಫರಸಿ ತುಂಬಿದ ಲಾರಿ ತೂಗ್ತೀನಿ,
ಲಾರಿ ಲಾರಿ ನಡುವ ಎರಡೆರಡು ಪುಟ.

ಮೊದಲನೇದು ಮುಂದ ಬರೋ ಕಾಲದ್ದು.
ನಾಕನೇ ಪುಟಕ್ಕೇ ಮುಗಿಲಿಂದ ಬೂದಿ ಸುರೀತದ,
ಮಂದಿ ಮುಖ ಕಟ್ಟಿಕೊಂಡು ಅಡ್ಡಾಡ್ತಾರ,
ಅಷ್ಟಕ್ಕೇ ಹತ್ತು ಪುಟ ಅಂಜಸ್ತಾನ ಬರೆದಾತ.
ನಾನು ದಸ್ತಿಲೆ ಪುಟ ಒರಸಿ ಮುಂದ ಓದಿದೆ.
ಕಲ್ಲು ಕೊರಿಯೋ ಮಷೀನಿನ ಧೂಳು ನಮ್ಮಲ್ಲಿ
ಹುಬ್ಬಿನ ಮ್ಯಾಲ ಕೂಡ್ತದ, ರೊಟ್ಟಿ ಮ್ಯಾಲೂ;
ಅದು ಭವಿಷ್ಯ ಅಂತ ಯಾರೂ ಹೇಳಿದ್ದಿಲ್ಲ.
ಖರೇ ಅಂಜಿಕಿ ಬಂದದ್ದು ಆಮ್ಯಾಲ:
ಆ ಊರಾಗ ಸರ್ಕಾರ ದಿನಾ ಮುಂಜಾನಿ
ಮಂದಿನ್ನ ತೂಗ್ತದ. ತೂಕ ನೋಡಿ ನೀರು.
ನನ್ನಂಥಾಕಿ ಒಬ್ಬಾಕಿ, ಹೆಸರಿಲ್ಲ, ಬರೇ ನಂಬರ,
ಗಾಜಿನ ಹಿಂದ ಕುಂತು ಬರಕೋತಾಳ.
ಮುನ್ನೂರು ಪುಟ, ಒಬ್ಬರೂ ಮೋಸ ಮಾಡಂಗಿಲ್ಲ!
ಇದೊಂದು ಮಾತ್ರ ನಾ ನಂಬಂಗಿಲ್ಲ ನೋಡ್ರಿ.
ಡ್ರೈವರ್ ಭೀಮಶ್ಯಾ ಖಾಲಿ ಗಾಡಿ ತೂಗುವಾಗ ಇಳೀತಾನ,
ತುಂಬಿದ್ದು ತೂಗುವಾಗ ಒಳಗೇ ಕುಂತು ಬೀಡಿ ಹಚ್ತಾನ,
ತನ್ನ ಎಪ್ಪತ್ತು ಕಿಲೋ ಫರಸಿ ಲೆಕ್ಕಕ್ಕ ಮಾರ್ತಾನ.
ನನಗ ಗೊತ್ತದ. ನನಗ ಗೊತ್ತದ ಅಂತ ಅವಗೂ ಗೊತ್ತದ.
ಆ ಊರಾಗ ಇಂಥವ ಒಬ್ಬ ಇದ್ದಿದ್ದರ,
ಅಂಗಿ ಒಳಗ ಒಂದು ಕಲ್ಲು ಕಟ್ಟಿಕೊಂಡು ಬಂದಿದ್ದರ,
ಆಕಿ ಕಣ್ಣು ಎತ್ತದೇ ಅದನ್ನ ಬರಕೊಂಡಿದ್ದರ,
ಸರ್ಕಾರ ಎರಡನೇ ಅಧ್ಯಾಯಕ್ಕೇ ಅರ್ಧ ಬೀಳ್ತಿತ್ತು.

ಎರಡನೇ ಪುಸ್ತಕಕ್ಕ ಮುಂದ ಒಂದು ನಕಾಶಿ.
ಹಿಮದ ಗುಡ್ಡ, ರೆಕ್ಕಿ ಬಂದ ಹಾವು, ಮಾತಾಡೋ ಕತ್ತಿ,
ಆರುನೂರು ಪುಟದಾಗ ಒಬ್ಬರೂ ಬೆವರಂಗಿಲ್ಲ.
ಮೇ ತಿಂಗಳು. ಆ ಹಿಮ ಓದಿ ಓದಿ
ಗಡಿಗಿ ಬರಿದಾತು.
ರಾಣಿ ಸತ್ತಾಗ ಅತ್ತೆ, ಸುಳ್ಳು ಯಾಕ ಹೇಳ್ಲಿ;
ಲಾರಿ ಹಾರ್ನ್ ಹೊಡೀಲಕತ್ತಿತ್ತು, ನಾ ಅಳ್ಲಕತ್ತಿದ್ದೆ.
ನಕಾಶಿ ತುಂಬ ಹನ್ನೊಂದು ಹೊಳಿ, ಕಾಗಿಣಾ ಇಲ್ಲ.
ಮೆಲ್ಲಕ ಪೆನ್ಸಿಲ್ ತಗೊಂಡು
ರಾಕ್ಷಸರ ನಾಡಿನ ಬಗಲಾಗ ಕಾಗಿಣಾ ಹರಿಸಿ
ದಂಡಿಗೆ ಒಂದು ಚೌಕ ಬರದೆ: ಕಾಟಾ.
ಎರಡು ತಿಂಗಳ ಬಿಟ್ಟು ಮತ್ತ ತಂದೆ.
ನನ್ನ ಚೌಕದ ಎದುರಿಗೆ, ಯಾರೋ, ನೀಲಿ ಪೆನ್ನಿಲೆ:
‘ಸುಸಲಾ ಮಿರ್ಚಿ. ರಾತ್ರಿ ಪೂರಾ ಚಾಲೂ.’
ಯಾರಂತ ನಾಗಿಂದ್ರಪ್ಪಗ ಕೇಳಿಲ್ಲ.
ಕೇಳಿದರ ದಂಡ ಹಾಕ್ಯಾನು, ಇಬ್ಬರಿಗೂ.

ಮೂರನೇದು ಭೂತದ್ದು.
ಹಳೇ ಖಣಿ, ಅದರಾಗ ಹಸರು ನೀರು,
ಬಗ್ಗಿ ನೋಡಿದವರನ್ನ ಅವರವ್ವನ ದನಿಲೆ ಕರೀತದ.
ನಗಿ ಬಂತು. ನಮ್ಮ ಸುತ್ತ ಅಂಥಾವು ಏಳು ಅದಾವ,
ಏಳರಾಗೂ ಎಮ್ಮಿ ಈಸ್ತಾವ.
ಮುಗಿಸಿ ಮುಚ್ಚಿಟ್ಟೆ. ಎರಡೂ ಇಪ್ಪತ್ತು.
ಕಾಟಾದ ಮ್ಯಾಲ ಗಾಡಿ ಇಲ್ಲ, ನಾಯಿ ಇಲ್ಲ,
ಗಾಳಿ ಸೈತ ಇಲ್ಲ.
ಕೆಂಪು ಅಂಕಿ ಸೊನ್ನಿ ಇದ್ದದ್ದು ಐವತ್ತಾತು.
ಐವತ್ತರ ಮ್ಯಾಲೇ ನಿಂತಿತು.
ಬ್ಯಾಟರಿ ಹಿಡಕೊಂಡು ಬಾಗಿಲ ತನಕ ಹೋದೆ.
ಬಾಗಿಲ ತನಕ.

ಮುಂಜಾನಿ ಮೆಕ್ಯಾನಿಕ್ ಮೌಲಾಲಿ ಬಂದ,
ಕೆಳಗ ಹೊಕ್ಕು ಕಲ್ಲಿನ ಚೂರು ಹುಡುಕಿದ, ಸಿಗಲಿಲ್ಲ,
ಗುಂಡಿ ಒತ್ತಿ ಐವತ್ತಕ್ಕೇ ಸೊನ್ನಿ ಅಂತ ಮಾಡಿ ಹೋದ.

ಸಾಹುಕಾರ್ರು ರಜಿಸ್ಟರಿನ ಮ್ಯಾಲ ಬೆರಳಿಟ್ಟರು:
‘ಗಾಡಿ ನಂಬರ ಇಲ್ಲ, ಮಾಲಿನ ಹೆಸರಿಲ್ಲ.
ಐವತ್ತು ಕಿಲೋ, ಇದ್ಯಾರದು?’

‘ಗೊತ್ತಿಲ್ರಿ.
ಒಳಗ ಬಂದ ತೂಕ ಬರದೀನಿ.
ಹೊರಗ ಹೋದದ್ದು
ಇನ್ನಾ ಬರೀಬೇಕ್ರಿ.’